ಉಸಿರಷ್ಟೇ ಸಾಕು ಅಂದರು

ಪರದೆಯಮ್ಮನಿಗೆ ಕೋಪ ಮೂಗಿನ ತುದಿಯಲ್ಲಿ ಎಂದು ನಾಟಕಶಾಲೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ಸುಳ್ಳು. ಅವಳ ಕೋಪ ಇದ್ದದ್ದು ಹೊಟ್ಟೆಯೊಳಗೆ, ಹೊಕ್ಕುಳಿನ ಹಿಂದೆ. ಅಲ್ಲಿಗೆ ಅದು ಬಂದು ಸೇರಿದ್ದಕ್ಕೆ ಕಾರಣವೂ ಇತ್ತು. ಹರೆಯದಲ್ಲಿ ಬಂದವಳು ತಲೆ ನರೆಯುವ ತನಕ ಕಪ್ಪು ಬಟ್ಟೆಯ ಹಿಂದೆ ಕೂತು ಹಾಡಿ, ಚಪ್ಪಾಳೆಯೆಲ್ಲ ಬಟ್ಟೆಯ ಮುಂದೆ ನಿಂತವಳಿಗೆ ಹೋದರೆ ಹೊಟ್ಟೆ ತಣ್ಣಗಿರುತ್ತದೆಯೇ? ನಿಮ್ಮದಾದರೆ ಇರುತ್ತಿತ್ತೇ?

ಕೆಲಸ ಏನೆಂದರೆ ಇದು. ರಂಗದ ಎಡಕ್ಕೆ, ನಾಯಕಿ ನಿಂತು ಹಾಡುವ ಜಾಗದಿಂದ ಕೈಯಳತೆಯ ದೂರದಲ್ಲಿ ಒಂದು ಕಪ್ಪು ಪರದೆ. ಅದರ ಹಿಂದೆ, ಹಳೆಯ ವೇಷಭೂಷಣ ತುಂಬಿದ ಒಂದು ಮರದ ಪೆಟ್ಟಿಗೆ. ಅದೇ ಇವಳ ಆಸನ. ನಾಯಕಿ ಚೆಲುವೆ, ನಟನೆಯಲ್ಲಿ ಗಟ್ಟಿಗಿತ್ತಿ, ಕಂಠ ಮಾತ್ರ ಒಡೆದ ಮಡಕೆ. ಹಾಗಾಗಿ ಮುಂದೆ ಅವಳ ತುಟಿ, ಹಿಂದೆ ಇವಳ ದನಿ. ಇಬ್ಬರ ನಡುವೆ ಗಂಟೆ, ದೀಪ, ಸನ್ನೆ ಒಂದೂ ಇರಲಿಲ್ಲ. ಹಾಡು ಎತ್ತುವ ಮುಂಚೆ ಪರದೆಯಮ್ಮ ಉಸಿರು ಎಳೆಯುವ ಸದ್ದು ಬಟ್ಟೆ ದಾಟಿ ನಾಯಕಿಯ ಕಿವಿಗೆ ಬೀಳುತ್ತಿತ್ತು. ಆ ಸದ್ದಿಗೆ ಅವಳು ಬಾಯಿ ತೆರೆಯುತ್ತಿದ್ದಳು. ಪ್ರತಿ ಸಾಲಿಗೂ ಹಾಗೆಯೇ. ಇದನ್ನು ಅವರಿಬ್ಬರೂ ಒಂದು ದಿನವೂ ಮಾತಾಡಿಕೊಂಡವರಲ್ಲ. ರೂಢಿಯಾಗಿ ಬಂದದ್ದು, ರೂಢಿಯಾಗಿಯೇ ಇತ್ತು.

ಕಳೆದ ಸಲದ ಆಟಗಳಲ್ಲಿ ಮೇಲಿನ ಸ್ವರಕ್ಕೆ ಹೋದಾಗ ಪರದೆಯಮ್ಮನ ದನಿ ಸ್ವಲ್ಪ ಸೋಲತೊಡಗಿತು. ನಾಟಕಶಾಲೆಯ ಯಜಮಾನ ಕೂಡಲೇ ಒಬ್ಬ ಯೋಗದ ಮಾಸ್ತರನನ್ನು ಕರೆತಂದ. ಬಿಳಿ ಬಟ್ಟೆ, ಮೆಲುದನಿ, ಮುಖದಲ್ಲಿ ಸದಾ ಒಂದೇ ಅಳತೆಯ ನಗು. ನಟರು ಬಣ್ಣ ಹಚ್ಚಿಕೊಳ್ಳುವ, ಹತ್ತೇ ಜನ ಹಿಡಿಯುವ ಕೋಣೆಯಲ್ಲೂ ಕಿವಿಗೆ ಮೈಕು ಸಿಕ್ಕಿಸಿಕೊಂಡು ಮಾತಾಡುತ್ತಿದ್ದ. ಮೈಯೊಳಗಿನ ಒಂದೊಂದು ಚಕ್ರಕ್ಕೆ ಒಂದೊಂದು ಬಣ್ಣ ಎಂದು ಏಳು ಬಣ್ಣದ ದೀಪ ತಂದಿಟ್ಟಿದ್ದರಿಂದ ನಟರು ಅವನಿಗೆ ಏಳುಬಣ್ಣ ಎಂದೇ ಹೆಸರಿಟ್ಟರು.

ಏಳುಬಣ್ಣ ಪರದೆಯಮ್ಮನ ಎದುರು ಕೂತು, ಕಣ್ಣು ಮುಚ್ಚಿ, ತೆರೆದು, ತೀರ್ಪು ಕೊಟ್ಟ. "ನಿಮ್ಮ ವಿಶುದ್ಧಿ ಚಕ್ರ ಮುಚ್ಚಿಹೋಗಿದೆ. ಗಂಟಲಲ್ಲಿ ಕೋಪ ಗಂಟು ಹಾಕ್ಕೊಂಡಿದೆ. ಮೊದಲು ಕೋಪ ಬಿಡಿ. ಬೆಳಗ್ಗೆ ಸಂಜೆ ಗಂಟಲಲ್ಲೇ ಮನಸ್ಸಿಟ್ಟು 'ಹಂ' ಅನ್ನಿ. ಜೋರಾಗಿ ಅನ್ನಿ. ಗಂಟಲು ಅದುರಬೇಕು."

ಪರದೆಯಮ್ಮ ನಂಬಿದಳು. ದನಿ ಕೈಕೊಡುತ್ತಿದೆ ಎಂದು ಹೆದರಿದ ಹಾಡುಗಾರ್ತಿ ಏನನ್ನು ತಾನೇ ನಂಬುವುದಿಲ್ಲ? ಎರಡು ಹೊತ್ತೂ ಜೋರಾಗಿ ಹಂ ಅಂದಳು. ಯಜಮಾನನನ್ನು ಮನಸ್ಸಿನಲ್ಲೇ ಕ್ಷಮಿಸಿದಳು, ನಾಯಕಿಯನ್ನು ಕ್ಷಮಿಸಿದಳು, ಚಪ್ಪಾಳೆ ತಟ್ಟಿದವರನ್ನೂ ಕ್ಷಮಿಸಿದಳು. ವಾರ ಕಳೆಯುವುದರೊಳಗೆ ದನಿ ನೆಲದ ಮೇಲೆ ಕುರ್ಚಿ ಎಳೆದ ಹಾಗಾಯಿತು. ಕೇಳಿದರೆ ಏಳುಬಣ್ಣ ಅದೇ ಅಳತೆಯ ನಗು ನಕ್ಕ. "ಒಳಗಿನ ಕೊಳೆ ಹೊರಗೆ ಬರ್ತಿದೆ. ಒಳ್ಳೇ ಲಕ್ಷಣ. ನಿಲ್ಲಿಸಬೇಡಿ." ನಿಲ್ಲಿಸಲಿಲ್ಲ. ಒಂದು ಬೆಳಗ್ಗೆ ಎದ್ದು ಅಕ್ಕನನ್ನು ಕೂಗಲು ಬಾಯಿ ತೆರೆದರೆ ಗಾಳಿ ಬಂತು, ದನಿ ಬರಲಿಲ್ಲ.

ಅಕ್ಕ ಎಂದರೆ ಅವಳ ಸ್ವಂತ ಅಕ್ಕ. ಬಸುರಿಯರಿಗೆ ಉಸಿರಾಟ, ಆಸನ ಹೇಳಿಕೊಡುವುದು ಅವಳ ಕೆಲಸ. ಪರದೆಯಮ್ಮ ಇದ್ದದ್ದು ಅವಳ ಮನೆಯ ಹಿಂಬದಿಯ ಕೋಣೆಯಲ್ಲಿ. ತಂಗಿ ಕೈಸನ್ನೆಯಲ್ಲೇ ನಡೆದದ್ದನ್ನು ಹೇಳಿದಾಗ ಅಕ್ಕ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. "ಅವನ ಬಾಯಿಗೆ ಮಣ್ಣು ಹಾಕ! ಊದಿದ ಗಂಟಲಲ್ಲಿ ಜೋರಾಗಿ ಕೂಗು ಅಂದ್ನಾ? ಗಾಯದ ಮೇಲೆ ಬರೆ ಎಳೆದು ಒಳ್ಳೇ ಲಕ್ಷಣ ಅಂದ್ನಾ? ಏಳು, ಮೊದಲು ಡಾಕ್ಟರ ಹತ್ರ ಹೋಗೋಣ."

ಡಾಕ್ಟರು ಕನ್ನಡಿ ಇಟ್ಟು ನೋಡಿ, ಒಳಗೆ ಊದಿಕೊಂಡಿದೆ, ಮಾತು ಪೂರ್ತಿ ಬಂದ್, ಪಿಸುಗುಟ್ಟುವುದೂ ಕೂಡದು ಎಂದರು. ಭಾವನಿಗೆ ಮಾತ್ರ ತಮಾಷೆ. "ಈ ಮನೇಲಿ ಅಕ್ಕತಂಗಿಯರಲ್ಲಿ ಒಬ್ರಾದ್ರೂ ಸುಮ್ನಿರೋದನ್ನ ನೋಡೋ ಭಾಗ್ಯ ನನಗೆ ಬಂತಲ್ಲ" ಎಂದ. ಪರದೆಯಮ್ಮ ಅವನತ್ತ ತಲೆದಿಂಬು ಎಸೆದಳು. ಮಾತಿಲ್ಲದಿದ್ದರೂ ಗುರಿ ಇತ್ತು.

ಊತ ಇಳಿದು, ಡಾಕ್ಟರು ಸರಿ ಎಂದ ಮೇಲೆ, ಅಕ್ಕ ಅವಳನ್ನು ಗಟ್ಟಿ ಮಣೆಯ ಮೇಲೆ ಕೂರಿಸಿದಳು.

"ಚಕ್ರಗಿಕ್ರ ಅಂದ್ರೆ ಎದ್ದು ಹೋಗ್ತೀನಿ" ಎಂದಳು ಪರದೆಯಮ್ಮ. ಮತ್ತೆ ಬಂದ ದನಿಯ ಮೊದಲ ಮಾತೇ ಅದು.

"ಅವನು ಕೆಟ್ಟದಾಗಿ ಹೇಳಿದ ಅಂತ ವಿದ್ಯೆ ಕೆಟ್ಟೋಯ್ತಾ? ಕೊಯ್ದು ನೋಡಿದ್ರೆ ಒಳಗೆ ಯಾವ ಚಕ್ರಾನೂ ಸಿಗಲ್ಲ. ಬಟ್ಟೆ ಹೊಲಿಯೋರು ಸೀಮೆಸುಣ್ಣದಲ್ಲಿ ಗೆರೆ ಎಳೀತಾರಲ್ಲ, ಅಂಥ ಗುರುತು ಅಷ್ಟೆ. ಮನಸ್ಸು ಎಲ್ಲಿಡಬೇಕು ಅನ್ನೋದಕ್ಕೆ. ಅವನು ಬುಡ ಬಿಟ್ಟು ಗಂಟಲಿಗೆ ಕೈ ಹಾಕ್ದ. ಕೂತಿರೋ ಜಾಗದಿಂದ ಶುರು ಮಾಡು."

ಹೀಗೆ ಬುಡದಿಂದ ಶುರುವಾಯಿತು. ಮೂಲಾಧಾರ ಎಂದರೆ ಪೃಷ್ಠದ ಎಲುಬುಗಳು ಮಣೆಗೆ ಊರುವುದು, ಪಾದ ನೆಲಕ್ಕೆ ಒತ್ತುವುದು. ಇಷ್ಟು ಕಾಲ ಪೆಟ್ಟಿಗೆಯ ಅಂಚಿನಲ್ಲಿ, ಯಾರೋ ಎಬ್ಬಿಸಿಬಿಡುತ್ತಾರೆ ಎಂಬಂತೆ ಕೂರುತ್ತಿದ್ದದ್ದು ಪರದೆಯಮ್ಮನಿಗೆ ಆಗ ತಿಳಿಯಿತು. ಅದಕ್ಕೂ ಸಿಟ್ಟು ಬಂತು. ಅದರ ಮೇಲಿನ ಸ್ವಾಧಿಷ್ಠಾನಕ್ಕೆ ಬಂದಾಗ ಅಕ್ಕ ಅವಳ ಕಿಬ್ಬೊಟ್ಟೆಗೆ ಒಂದು ಏಟು ಕೊಟ್ಟಳು. "ಇದನ್ನ ಬಿಡು. ಹೊಟ್ಟೆ ಕಾಣಬಾರದು ಅಂತ ಚಿಕ್ಕೋಳಿದ್ದಾಗಿಂದ ಎಳ್ಕೊಂಡೇ ಇದ್ದೀಯ. ಉಸಿರು ಎಲ್ಲಿಗೆ ಇಳೀಬೇಕು?" ಎದೆಯ ಅನಾಹತಕ್ಕೆ ಬೇರೇನೂ ಇಲ್ಲ, ಸಾಲು ಮುಗಿಯುವ ತನಕ ಪಕ್ಕೆಲುಬು ಕುಸಿಯದಂತೆ ಅರಳಿಸಿಟ್ಟುಕೊಳ್ಳುವುದು. ಬಾಯಿ ಮುಚ್ಚಿ ಗುನುಗಿದರೆ ಹುಬ್ಬಿನ ನಡುವೆ ಜುಮ್ಮೆನ್ನಬೇಕು, ಅದು ಆಜ್ಞಾ ಚಕ್ರ. ಆಟಕ್ಕೆ ಮುಂಚೆ ಇದನ್ನೆಲ್ಲ ಕೆಳಗಿನಿಂದ ಮೇಲಕ್ಕೆ ಒಂದು ಸುತ್ತು ನೋಡಿಕೊಳ್ಳುವುದು, ಮನೆ ಬಿಡುವಾಗ ಕಿಟಕಿ ಬಾಗಿಲು ನೋಡಿಕೊಳ್ಳುವ ಹಾಗೆ.

"ಮತ್ತೆ ಗಂಟಲು?"

"ಗಂಟಲಿಗೆ ಏನೂ ಮಾಡಬೇಡ. ಅದು ಬಾಗಿಲು. ತೆಗೆದಿಟ್ರೆ ಸಾಕು, ಒದೀಬೇಕಾಗಿಲ್ಲ."

ಹೊಕ್ಕುಳಿನ ಮಣಿಪುರವನ್ನು ಅಕ್ಕ ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದಳು. ಹೊಕ್ಕುಳ ಮೇಲೆ ಅಂಗೈ ಇಟ್ಟು ಹಲ್ಲಿನ ಸಂದಿಯಿಂದ ಉದ್ದಕ್ಕೆ 'ಸ್ಸ್' ಎಂದು ಬಿಡಬೇಕು. ಪರದೆಯಮ್ಮ ಬಿಟ್ಟಳು. ಅರ್ಧಕ್ಕೇ ನಿಂತಿತು.

"ಇಲ್ಲೇನೂ ಇಲ್ವಲ್ಲೇ!" ಎಂದಳು ಅಕ್ಕ.

"ಕೋಪ ಬಿಡಬೇಕು ಅಂದಿದ್ದ. ಬಿಟ್ಟಿದ್ದೀನಿ."

"ಅದಕ್ಕೇ. ಆ ಜಾಗ ಅಗ್ನಿದು. ಒಲೆ ಆರಿಸಿ, ನೀರು ಯಾಕೆ ಕಾಯಲಿಲ್ಲ ಅಂದ್ರೆ? ಕೋಪ ಗಂಟಲಿಗೆ ಹತ್ತಿದ್ರೆ ಕಿರುಚಾಟ, ತಲೆಗೆ ಹತ್ತಿದ್ರೆ ಹುಚ್ಚು. ಅದರ ಜಾಗದಲ್ಲೇ ಕೂರಿಸು, ಕೆಲಸ ಮಾಡುತ್ತೆ. ನೀನು ಯಾರನ್ನೆಲ್ಲ ಕ್ಷಮಿಸಿದ್ದೀಯೋ, ವಾಪಸ್ ತಗೋ."

ವಾಪಸ್ ತೆಗೆದುಕೊಳ್ಳುವುದು ಕಷ್ಟವಾಗಲಿಲ್ಲ.

ದನಿ ಮರಳಿತು ಎಂದು ಹೇಳಲು ಪರದೆಯಮ್ಮ ನಾಟಕಶಾಲೆಗೆ ಹೋದ ದಿನ, ಹಿಂಬಾಗಿಲ ಓಣಿಯಲ್ಲಿ ಕಾಲಿಡುತ್ತಿದ್ದಂತೆ ಒಳಗಿನಿಂದ ಅವಳದೇ ಹಾಡು ಕೇಳಿಸಿತು. ಇವಳ ಬಾಯಿ ಮುಚ್ಚಿತ್ತು. ಒಳಗೆ ಇವಳೇ ಹಾಡುತ್ತಿದ್ದಳು. ದನಿ ಸೋಲುವ ಮುಂಚಿನ ಆಟಗಳಲ್ಲೇ, ಇವಳಿಗೆ ಒಂದು ಮಾತೂ ಹೇಳದೆ ಹಾಡುಗಳನ್ನೆಲ್ಲ ಮುದ್ರಿಸಿ ಇಟ್ಟುಕೊಂಡಿದ್ದರು. ಒಳಗೆ ಹೋಗಿ ನೋಡಿದರೆ ಪೆಟ್ಟಿಗೆಯ ಜಾಗದಲ್ಲಿ ಒಂದು ಸ್ಪೀಕರ್ ಕೂತಿತ್ತು.

ಯಜಮಾನ ಓಡಿಬಂದ. "ಕೋಪ ಮಾಡ್ಕೋಬೇಡಿ. ನಿಮ್ಮ ಒಳ್ಳೇದಕ್ಕೇ. ನಿಮಗೂ ವಯಸ್ಸಾಯ್ತು, ವಿಶ್ರಾಂತಿ ಬೇಕು. ದನಿ ಅನ್ನೋದು ಯಾರ ಸ್ವತ್ತೂ ಅಲ್ಲ ಅಂತ ಮಾಸ್ತರೂ ಹೇಳ್ತಾರೆ."

"ಯಾರ ಸ್ವತ್ತೂ ಅಲ್ಲ ಅಂದ್ರೆ ನಿಮ್ಮ ಸ್ವತ್ತು ಹೇಗಾಯ್ತು?"

ಯಜಮಾನ ರಂಗದತ್ತ ತಿರುಗಿದ. ಅಲ್ಲಿ ನಡೆಯುತ್ತಿದ್ದ ತಾಲೀಮಿಗೆ ಬೇರೆಯೇ ತಲೆನೋವು ಶುರುವಾಗಿತ್ತು. ಸ್ಪೀಕರ್ ಹಾಡಲು ತೊಡಗಿದ ಮೇಲೆ ನಾಯಕಿ ಬಾಯಿ ತೆರೆಯುತ್ತಿದ್ದಳು. ಪ್ರತಿ ಸಾಲಿಗೂ ಅರ್ಧ ಮಾತು ಹಿಂದೆ. ಹೊರಗೆ ಮದುವೆ ಹೆಣ್ಣಿನ ಸಿಂಗಾರ, ಬಾಯಿ ಮಾತ್ರ ನೀರಿನಿಂದ ತೆಗೆದ ಮೀನಿನದು. "ನನಗೆ ಗೊತ್ತಾಗ್ತಿಲ್ಲ, ಯಾವಾಗ ಶುರು ಆಗುತ್ತೋ ಗೊತ್ತೇ ಆಗ್ತಿಲ್ಲ" ಎಂದು ಅವಳು ಅಳುವುದೊಂದು ಬಾಕಿ.

ಮೈಕು, ಸ್ಪೀಕರುಗಳ ಯಂತ್ರದ ಮುಂದೆ ಕೂರುವವನನ್ನು ಎಲ್ಲರೂ ಕಿವಿಯಪ್ಪ ಎನ್ನುತ್ತಿದ್ದರು. ಅವನು ತಲೆ ಕೆರೆದುಕೊಂಡ. "ಹಾಡಿನ ಮಧ್ಯೆ ಸುಯ್ ಸುಯ್ ಅಂತ ಉಸಿರಿನ ಗಲೀಜು ಇತ್ತು. ಕೂತು ಒಂದೊಂದೇ ತೆಗೆದುಹಾಕ್ದೆ. ಚೊಕ್ಕ ಮಾಡೋಣ ಅಂತ."

ತೆಗೆದದ್ದನ್ನು ಎಸೆದೂ ಬಿಟ್ಟಿದ್ದ. ಆಗ ಯಜಮಾನನ ತಲೆಗೆ ಒಂದು ಉಪಾಯ ಹೊಳೆಯಿತು. ಅದನ್ನು ಹೇಳುವಾಗ ಅವನಿಗೆ ಚೂರೂ ನಾಚಿಕೆಯಾಗಲಿಲ್ಲ.

"ನೀವು ಬಂದು ಪೆಟ್ಟಿಗೆ ಮೇಲೆ ಕೂತ್ಕೊಳ್ಳಿ. ಹಾಡಬೇಡಿ. ಸಾಲು ಶುರು ಆಗೋ ಮುಂಚೆ ಉಸಿರಷ್ಟೇ ಎಳೀರಿ, ಸಾಕು."

ಮನೆಗೆ ಬಂದು ಪರದೆಯಮ್ಮ ಕೂಗಾಡಿದಳು. ಅಕ್ಕ ಪೂರ್ತಿ ಕೇಳಿ, "ಒಪ್ಕೊಂಡು ಬಾ. ಪೆಟ್ಟಿಗೆ ಬಿಟ್ರೆ ಮತ್ತೆ ಸಿಗಲ್ಲ. ಮೊದಲು ಕೂರೋ ಜಾಗ ಗಟ್ಟಿ ಮಾಡ್ಕೋ ಅಂತ ನಾನು ಹೇಳಿದ್ನೋ ಇಲ್ವೋ?" ಎಂದಳು.

ಮೊದಲ ಆಟದ ಸಂಜೆ. ಸ್ಪೀಕರಿನ ಪಕ್ಕಕ್ಕೆ ಮತ್ತೆ ತಂದಿಟ್ಟ ಪೆಟ್ಟಿಗೆಯ ನಟ್ಟನಡುವೆ ಪರದೆಯಮ್ಮ ಕೂತಳು, ಅಂಚಿನಲ್ಲಲ್ಲ. ಪಾದ ಊರಿದಳು, ಹೊಟ್ಟೆ ಸಡಿಲಿಸಿದಳು, ಕೆಳಗಿನಿಂದ ಮೇಲಕ್ಕೆ ಒಂದು ಸುತ್ತು ನೋಡಿಕೊಂಡಳು. ಯಂತ್ರದ ಕೋಣೆಯ ಪುಟ್ಟ ಕಿಟಕಿಯಿಂದ ಕಿವಿಯಪ್ಪ ಕೈ ಎತ್ತಿದ. ಅವಳು ಉಸಿರೆಳೆದಳು. ಸ್ಪೀಕರ್ ಹಾಡಿತು. ನಾಯಕಿಯ ತುಟಿ ಸರಿಯಾಗಿ ತೆರೆಯಿತು. ಸಾಲಿನಿಂದ ಸಾಲಿಗೆ ಉಸಿರು ತುಂಬಿಕೊಂಡು, ಅದನ್ನು ದನಿಯಿಲ್ಲದೆ ಹೊರಗೆ ಬಿಟ್ಟುಕೊಂಡು, ಪರದೆಯಮ್ಮ ಒಂದು ಇಡೀ ಹಾಡನ್ನು ಹಾಡದೆ ಕೂತಳು. ತುಂಬಿದ ಬಾಯಿಂದ ತುತ್ತು ಕಸಿದಂತಾಗುತ್ತಿತ್ತು, ಪ್ರತಿ ಸಲವೂ. ಚಪ್ಪಾಳೆ ಬಿತ್ತು. ಪರದೆಯ ಸಂದಿಯಿಂದ ಕಾಣುವ ಎದುರು ಮೂಲೆಯಲ್ಲಿ ನಿಂತಿದ್ದ ಯಜಮಾನ ಅವಳಿಗೆ ಹೆಬ್ಬೆರಳು ಎತ್ತಿ ತೋರಿಸಿದ.

ಆ ಹೆಬ್ಬೆರಳೇ ಸಾಕಾಯಿತು.

ಎರಡನೆಯ ಹಾಡಿಗೆ ಕಿವಿಯಪ್ಪ ಕೈ ಎತ್ತಿದಾಗ ಅವಳು ಉಸಿರೆಳೆದಳು, ಹಾಡಿದಳು. ಹೊಕ್ಕುಳಿನ ಹಿಂದೆ ಬೆಂಕಿ ಗಟ್ಟಿಯಾಗಿ ಕೂತಿತ್ತು. ಗಂಟಲು ತೆರೆದ ಬಾಗಿಲು. ಒಂದು ಸಾಲಿನ ತನಕ ಎರಡು ದನಿ, ಹಳೆಯ ಇವಳು ಮತ್ತು ಈಗಿನ ಇವಳು, ಒಂದೇ ಬಾಗಿಲಲ್ಲಿ ಇಬ್ಬರು ನುಗ್ಗಿದಂತೆ ಡಿಕ್ಕಿ ಹೊಡೆದವು. ನಾಯಕಿಯ ಬೆನ್ನು ಒಂದು ಕ್ಷಣ ಸೆಟೆಯಿತು. ಮತ್ತೆ ಅವಳ ಭುಜ ಪರದೆಯಮ್ಮನ ಉಸಿರಿನ ಜೊತೆ ಏಳತೊಡಗಿತು, ಸ್ಪೀಕರಿನ ಜೊತೆಗಲ್ಲ. ಯಜಮಾನ ಕೆಂಪಗಾಗಿ, ಇವಳ ಬಾಯಿ ಮುಚ್ಚಿಸಲೆಂದು ಕಿಟಕಿಯ ಕಡೆ ತಿರುಗಿ, ನಿಲ್ಲಿಸು ನಿಲ್ಲಿಸು ಎಂದು ಎರಡೂ ಕೈ ಬೀಸಿದ. ಕಿವಿಯಪ್ಪ ಅವನನ್ನು ನೋಡಿದ, ಇವಳನ್ನು ನೋಡಿದ, ಸ್ಪೀಕರ್ ನಿಲ್ಲಿಸಿದ.

ಆಮೇಲೆ ಉಳಿದದ್ದು ಒಂದೇ ದನಿ. ಪರದೆಯಮ್ಮ ಕಣ್ಣು ಮುಚ್ಚಲಿಲ್ಲ. ಹಾಡು ಮುಗಿಯುವ ತನಕ ಯಜಮಾನನ ಮುಖವನ್ನೇ ನೋಡುತ್ತ ಹಾಡಿದಳು. ಸೋಲುತ್ತಿದ್ದ ಮೇಲಿನ ಸ್ವರ ಬಂದಾಗಲೂ ನೋಟ ತೆಗೆಯಲಿಲ್ಲ, ಸ್ವರವೂ ಕದಲಲಿಲ್ಲ. ಉಳಿದ ಹಾಡುಗಳಿಗೆ ಕಿವಿಯಪ್ಪ ಕೈ ಎತ್ತಲೇ ಇಲ್ಲ.

ಆಟ ಮುಗಿದ ಮೇಲೆ ಯಜಮಾನ ಮೊದಲು ಕಿವಿಯಪ್ಪನ ಮೇಲೆ ಹಾರಿದ. "ನಿಲ್ಸಿ ಅಂದ್ರಿ, ನಿಲ್ಲಿಸಿದೆ" ಎಂದ ಅವನು, ಏನೂ ಅರಿಯದ ಮುಖ ಮಾಡಿ. ಅಷ್ಟರಲ್ಲಿ ಬಣ್ಣ ಒರೆಸದೆಯೇ ನಾಯಕಿ ಒಳಗೆ ಬಂದಳು. "ಇವರು ಹಿಂದೆ ಕೂತ್ರೆ ನಾನು ಮುಂದೆ ನಿಲ್ತೀನಿ. ಸ್ಪೀಕರ್ ಕೂತ್ರೆ ನೀವೇ ಸೀರೆ ಉಟ್ಕೊಂಡು ನಿಂತ್ಕೊಳ್ಳಿ" ಎಂದು ಹೇಳಿ ಹೊರಟುಹೋದಳು.

ಯಜಮಾನ ಬಗ್ಗಿ ಸ್ಪೀಕರಿನ ತಂತಿ ಕಿತ್ತ. ಕೊನೆಗೆ ಪರದೆಯಮ್ಮನ ಹತ್ತಿರ ಬಂದು, ರಾಜಿಯ ದನಿಯಲ್ಲಿ ಕೇಳಿದ. "ಆಯ್ತು, ನೀವೇ ಹಾಡಿ. ಈಗಲಾದ್ರೂ ಕೋಪ ಹೋಯ್ತಾ?"

ಪರದೆಯಮ್ಮ ಪೆಟ್ಟಿಗೆಯ ಮೇಲಿನ ಧೂಳು ಒರೆಸುತ್ತಿದ್ದಳು.

"ಇಲ್ಲ" ಎಂದಳು. "ನಾಳೆನೂ ಆಟ ಇದೆಯಲ್ಲ, ಬೇಕಾಗುತ್ತೆ."