ಮೆಡಿಕಲ್‌ಗೆ ಮೊದಲು ಮುದ್ರಾಧಾರಣೆ

ಹತ್ತನೇ ಕ್ಲಾಸಿಗೆ ಬಂದ ಮಗಳು ಮಿಲಿಟರಿ ಸೇರುತ್ತೇನೆ ಎಂದಳು. ನಮ್ಮ ಮನೆತನದಲ್ಲಿ ಪೂಜೆ ಮಾಡಿದವರಿದ್ದಾರೆ, ಪಾಠ ಹೇಳಿದವರಿದ್ದಾರೆ. ಬಸ್ಸಿನ ಹಿಂದೆ ಬಿಟ್ಟರೆ ಬೇರೆಲ್ಲೂ ಓಡಿದವರಿಲ್ಲ. ಮಾನ್ವಿಯಿಂದ ದೇವದುರ್ಗಕ್ಕೆ ಹೋಗಿ ಮಾಸ್ತರಿಕೆ ಮಾಡುವ ನಾನಂತೂ ಬಸ್ಸು ತಪ್ಪಿದರೆ ತಪ್ಪಲಿ ಎಂದು ನಿಂತುಬಿಡುವವನು.

ದಿನಾ ಬೆಳಿಗ್ಗೆ ಮಾನ್ವಿಯ ಮೈದಾನದಲ್ಲಿ ಕಲ್ಲೂರಿನ ಮಾಜಿ ಹವಾಲ್ದಾರರೊಬ್ಬರು ಹುಡುಗ ಹುಡುಗಿಯರನ್ನು ಓಡಿಸುತ್ತಿದ್ದರು. ನಾನು ಬೇವಿನ ಗಿಡದ ಕೆಳಗೆ ನೀರಿನ ಬಾಟ್ಲಿ ಹಿಡಿದು ನಿಂತು ನಾಯಿ, ಉಳುಕು, ಬಿಸಿಲು ಎಲ್ಲದಕ್ಕೂ ಸರದಿ ಪ್ರಕಾರ ಹೆದರುತ್ತಿದ್ದೆ. ಆಷಾಢದ ಒಂದು ದಿನ ಅವರು ಹುಡುಗರಿಗೆ ಗದರಿಸಿದರು: "ಮೈಮ್ಯಾಲೆ ಟ್ಯಾಟೂ ಗೀಟೂ ಹಾಕಿಸ್ಕೊಂಡ್ರ ಮೆಡಿಕಲ್‌ನಾಗ ವಾಪಸ್ ಕಳಿಸ್ತಾರ, ನೆನಪಿರ್ಲಿ!"

ನಾನು ನನ್ನ ತೋಳು ಮುಟ್ಟಿ ನೋಡಿಕೊಂಡೆ. ಏಕಾದಶಿ ಹತ್ತಿರ ಬಂದಿತ್ತು. ಅವತ್ತು ರಾಯಚೂರಿನ ಮಠದಲ್ಲಿ ಸ್ವಾಮಿಗಳು ಬೆಂಕಿಯಲ್ಲಿ ಕಾಯಿಸಿದ ಶಂಖ ಚಕ್ರಗಳ ಮುದ್ರೆಗಳನ್ನು ನಮ್ಮ ತೋಳಿಗೆ ಒತ್ತುತ್ತಾರೆ. ಎಷ್ಟೋ ಜನರ ಗುರುತು ಕೆಲ ದಿನದಲ್ಲಿ ಮಾಸುತ್ತದೆ. ನನ್ನ ಚರ್ಮ ಮಾತ್ರ ಚಿಕ್ಕಂದಿನ ಚಕ್ರವನ್ನು ಇನ್ನೂ ಬಿಟ್ಟಿಲ್ಲ. ಮಗಳಿಗೂ ಅದೇ ಚರ್ಮ, ಈ ಸಲವೇ ಅವಳ ಮೊದಲ ಮುದ್ರೆ.

ಹವಾಲ್ದಾರರಿಗೆ ತೋಳು ತೋರಿಸಿದೆ.

"ಎಲ್ಲಿ ಸುಟ್ಕೊಂಡ್ರಿ ಸರ್?"

"ಮಠದಾಗರೀ."

"ಬೇಕಂತನ ಸುಟ್ಕೊಂಡ್ರ್ಯಾ?" ಎಂದು ನಕ್ಕರು. ಆಮೇಲೆ, "ಇದಕ್ಕ ಏನಂತಾರೋ ನಂಗೊತ್ತಿಲ್ಲರೀ. ನಾ ಡಾಕ್ಟರ್ ಅಲ್ಲ" ಎಂದರು.

ಅಷ್ಟು ಸಾಕಾಯಿತು ನನಗೆ. ಹೆಂಡತಿ, "ನಿಮ್ಮ ಅವ್ವಗ ನೀವೇ ಹೇಳ್ರಿ" ಎಂದು ಪಾರಾದಳು. ಮಗಳಿಗೆ ಈ ಸಲ ಮುದ್ರೆ ಬೇಡ ಎಂದು ಅವ್ವನಿಗೆ ಹೇಳಿದೆ. ಅವ್ವ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಚೂರು ಬಿಸಿ ತಾಗಿದ್ರ ಅಂಜಾಕಿ ಗುಂಡಿಗೆ ಎದಿ ಕೊಡ್ತಾಳಂತ! ಮುದ್ರಿ ಇಲ್ಲದ ಮೈಯಿ ನಮ್ಮ ಮನ್ಯಾಗ ಯಾರದರ ಅದನೋ?"

ಏಕಾದಶಿಯ ದಿನ ನಾವು ಮೂವರು ಉಪವಾಸದ ಹೊಟ್ಟೆಯಲ್ಲಿ ಮಠದ ಸಾಲಿನಲ್ಲಿದ್ದೆವು. ಮುಂದೆ ಅವ್ವ, ನಡುವೆ ಮಗಳು, ಹಿಂದೆ ನಾನು. ಒಳಗಿಂದ ಹೋಮದ ಹೊಗೆ ಬರುತ್ತಿತ್ತು, ಸಣ್ಣ ಕೂಸೊಂದು ಚೀರಿತು. ನಾನು ಮಗಳ ಕಿವಿಯಲ್ಲಿ, "ಹೊಟ್ಟಿ ನೋವು ಅನ್ನು, ಹೊರಗ ಕರ್ಕೊಂಡ್ ಹೋಗ್ತೀನಿ" ಎಂದೆ. ಮರುಕ್ಷಣ, "ಅಲ್ಲಾ, ಹಾಕಿಸ್ಕೋ, ಏನಾಗಲ್ಲ" ಎಂದೆ. ಮತ್ತೆ, "ಒಂದಽ ತೋಳಿಗೆ ಸಾಕನ್ನು" ಎಂದೆ.

ಅವಳು ತಿರುಗಿದಳು. "ಅಪ್ಪಾ, ನೀ ಮುದ್ರಿಗೆ ಹೆದರಾಕತ್ತಿಲ್ಲ. ಡಾಕ್ಟರು ನನ್ನ ಪಾಸ್ ಮಾಡಿಬಿಟ್ರ ಹೆಂಗಂತ ಹೆದರಾಕತ್ತಿ."

ನನ್ನ ಬಾಯಿ ಒಣಗಿತು. ಉಪವಾಸದ್ದೇ ಇರಬೇಕು ಎಂದುಕೊಂಡೆ.

ಅವಳು ಅಜ್ಜಿಯ ಭುಜ ಮುಟ್ಟಿ, "ಅಜ್ಜೀ, ನಂಗ ಬಿಸಿಗೆ ಅಂಜಿಕಿ ಇಲ್ಲ. ಆದ್ರ ಮೆಡಿಕಲ್ ಆಗೋತನಕ ನಾ ಮುದ್ರಿ ಹಾಕಿಸ್ಕೊಳ್ಳಾಂಗಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಸಾಲಿನಿಂದ ಹೊರಗೆ ನಡೆದಳು. ಹಿಂದಿನವರು ಆ ಜಾಗವನ್ನು ತುಂಬಲು ನನ್ನನ್ನು ಮುಂದಕ್ಕೆ ತಳ್ಳಿದರು. ಅವ್ವ ತಿರುಗಿ ನೋಡಲಿಲ್ಲ.

ಮಾನ್ವಿಯ ಬಸ್ಸಿನಲ್ಲಿ ಮಗಳು ಮುಂದಿನ ಸೀಟಿನಲ್ಲಿ ಒಬ್ಬಳೇ ಕೂತಳು. ಅವ್ವ ಕೆಂಪಾದ ತೋಳುಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕದಲ್ಲಿದ್ದಳು. ಊರು ದಾಟಿದ ಮೇಲೆ ಮೆಲ್ಲಗೆ ಕೇಳಿದಳು:

"ಅಕಿ ಖರೇನ ಹೋಗಾಕಿ ಏನೋ?"

"ಹೂಂ ಅವ್ವಾ, ಹೋಗ್ತಾಳ."

ನನ್ನ ಮಾತು ಕೇಳಿ ಅವ್ವನಿಗಿಂತ ನಾನೇ ಹೆಚ್ಚು ಗಾಬರಿಯಾದೆ.