ಭಾಷಣಕ್ಕೆ ನಾನು ಹಾಕಿದ ಒಗ್ಗರಣೆ

ಯುರೋಪಿನ ಒಕ್ಕೂಟದಿಂದ ಹೊರಬಂದ ಮೇಲೆ ಈ ದೇಶದಲ್ಲಿ ಎಷ್ಟು ಪ್ರಧಾನಿಗಳು ಬಂದು ಹೋದರು ಎಂದು ಯಾರಾದರೂ ಕೇಳಿದರೆ ನಾನು ಬೆರಳು ಮಡಚಬೇಕಾಗುತ್ತದೆ. ಲಂಡನ್ನಿನ ಟೂಟಿಂಗಿನಲ್ಲಿ ನಾನು ನಡೆಸುತ್ತಿದ್ದ ಹೋಟೆಲಿನ ಪಾತ್ರೆ ತೊಳೆಯುವವರು ಕೂಡ ಇವರಲ್ಲಿ ಕೆಲವರಿಗಿಂತ ಹೆಚ್ಚು ಕಾಲ ನಿಂತಿದ್ದರು. ಹೋಗುವಾಗ ಪಾತ್ರೆಯನ್ನಾದರೂ ತೊಳೆದಿಟ್ಟು ಹೋಗುತ್ತಿದ್ದರು. ಒಬ್ಬೊಬ್ಬರೂ ಟಿವಿಯಲ್ಲಿ ನಿಂತು ಜಗತ್ತಿನ ವ್ಯಾಪಾರವೆಲ್ಲ ಇನ್ನು ನಮ್ಮ ಮನೆಬಾಗಿಲಿಗೇ ಬರುತ್ತದೆ ಎಂದರು. ಕೆಲವರು ದೆಹಲಿಗೂ ಹೋಗಿ ಕೊರಳಿಗೆ ಹಾರ ಹಾಕಿಸಿಕೊಂಡು, ವಿಸ್ಕಿ, ಕಾರು ಮಾರುವ ಮಾತಾಡಿ ಬಂದರು. ಅವರನ್ನು ಕಂಡರೆ ನನಗೆ ಹೇಸಿಗೆ. ಆದರೆ ಹೇಸುವ ಹಕ್ಕು ನನಗೆಷ್ಟಿದೆ ಎಂಬುದನ್ನೂ ಬರೆದಿಡಬೇಕು. ನಾನು ಕಲಿತದ್ದು ಉಡುಪಿ ಕಡೆಯ ಹೈಸ್ಕೂಲಿನವರೆಗೆ. ಮನೆಮಾತು ಕೊಂಕಣಿಯಾದರೂ ಬರೆಯಲು ಕೈಗೆ ಬರುವುದು ಕನ್ನಡವೇ.

ಹೋಟೆಲು ಶುರುವಾದದ್ದು ತೊಂಬತ್ತರ ದಶಕದಲ್ಲಿ. ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಗಸಿ. ಅಡುಗೆಗೆ ನಾನು ಮತ್ತು ಹೆಂಡತಿ. ಅವಳ ತಮ್ಮ ಮಂಗಳೂರಿನಲ್ಲಿ ಮದುವೆ ಮನೆಗಳ ಅಡುಗೆಯವನು. ಅವನ ಕೈಯ ಹಂದಿ ಮಾಂಸಕ್ಕಾಗಿ ಜನ ಮದುವೆಯ ದಿನವನ್ನೇ ಮುಂದೆ ಹಾಕುತ್ತಿದ್ದರು. ಅವನನ್ನು ಇಲ್ಲಿಗೆ ಕರೆಸಬೇಕೆಂಬುದೊಂದೇ ಹೆಂಡತಿಯ ಆಸೆ. ವೀಸಾ ಸಿಗಲಿಲ್ಲ. ಎರಡು ಸಾವಿರದ ನಂತರ ಪೋಲೆಂಡು ಒಕ್ಕೂಟಕ್ಕೆ ಸೇರಿ, ಅಲ್ಲಿನವರು ವೀಸಾದ ಗೊಡವೆಯೇ ಇಲ್ಲದೆ ಬಸ್ಸಿಳಿದು ಕೆಲಸಕ್ಕೆ ಸೇರುವುದನ್ನು ಕಂಡು ನನ್ನ ಹೊಟ್ಟೆ ಉರಿಯುತ್ತಿತ್ತು. ನನ್ನ ಹೋಟೆಲಿನಲ್ಲಿ ಬಡಿಸುತ್ತಿದ್ದವಳೂ ಪೋಲೆಂಡಿನವಳೇ, ಅದು ಬೇರೆ ಮಾತು.

ಆ ಹೊತ್ತಿಗೆ ಸಿಕ್ಕಿದ, ಯಾವಾಗಲೂ ಕೋಟು ತೊಟ್ಟಿರುತ್ತಿದ್ದ ಇಲ್ಲಿಯವನೊಬ್ಬ; ನಮ್ಮ ಮನೆಯಲ್ಲಿ ಅವನ ಹೆಸರು ಕೋಟಿನವನು. ಒಕ್ಕೂಟ ಬಿಡಬೇಕೆನ್ನುವ ಸಣ್ಣ ಪಕ್ಷವೊಂದರಿಂದ ಚುನಾವಣೆಗೆ ನಿಂತಿದ್ದ. ನನ್ನ ಹೋಟೆಲಿಗೆ ಬಂದು, ಗಸಿಯ ತಟ್ಟೆಯ ಮುಂದೆ ಫೋಟೊ ತೆಗೆಸಿಕೊಂಡು, ಆಮೇಲೆ ಚಿಪ್ಸ್ ಇದೆಯೇ ಎಂದು ಕೇಳಿದ. ಆಗಲೇ ನನಗೆ ತಿಳಿಯಬೇಕಿತ್ತು. ಆದರೆ ಭಾನುವಾರ ಪೂಜೆಯ ನಂತರ ಇಗರ್ಜಿಯ, ಎಂದರೆ ನಮ್ಮ ಚರ್ಚಿನ, ಸಭಾಂಗಣದಲ್ಲಿ ಚಹಾಕ್ಕೆ ಸೇರುವ ನಮ್ಮವರ ಮುಂದೆ ತಾನು ಮಾತಾಡಬೇಕು, ಇಂಗ್ಲಿಷ್ ಬಾರದ ಹಿರಿಯರಿಗೆ ನೀನು ಅದನ್ನು ಕೊಂಕಣಿಯಲ್ಲಿ ಹೇಳಬೇಕು ಎಂದು ನನ್ನ ಹೆಗಲ ಮೇಲೆ ಕೈಯಿಟ್ಟ. ಹೈಸ್ಕೂಲು ಕಲಿತವನಿಗೆ ಅಷ್ಟು ಸಾಕಾಯಿತು.

ಅವನ ಭಾಷಣ ಉಪ್ಪಿಲ್ಲದ ಸಾರು. ಯುರೋಪನ್ನು ಬಿಟ್ಟರೆ ಹಳೆಯ ಸಾಮ್ರಾಜ್ಯದ ದೇಶಗಳೊಂದಿಗೆ ಒಂದೇ ಕುಟುಂಬದವರಂತೆ ವ್ಯಾಪಾರ ಮಾಡಬಹುದು; ನಿಮ್ಮ ಮಾವು, ನಿಮ್ಮ ಅಕ್ಕಿ, ನಿಮ್ಮ ಮೀನು ಎಂದ. ಮುಂದಿನ ಸಾಲಿನ ಅಜ್ಜಿಯೊಬ್ಬರು ನನ್ನನ್ನು ತಡೆದರು.

“ಮಾವಿನಹಣ್ಣು ಇರ್ಲಿ ಪುತಾ. ನನ್ನ ಮೊಮ್ಮಗನಿಗೆ ವೀಸಾ ಕೊಡ್ತಾನಾ ಕೇಳು.”

ಕೇಳಿದೆ. ಅಂಥ ವಿಷಯಗಳನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗುವುದು ಎಂದು ಹೇಳಿ ಅವನು ಗಡಿಯಾರ ನೋಡಿಕೊಂಡ. ಇಂಗ್ಲಿಷ್ ಬರುವ ಕಿರಿಯರು ಆಗಲೇ ಚಹಾ ಹಿಡಿದು ಹೊರಗೆ ಹೋಗಿದ್ದರು; ಕೂತವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟು ಜನ ನನ್ನ ಮಾತಿಗೆ ಕಾದದ್ದು ಅದೇ ಮೊದಲು.

“ಕೊಡ್ತಾನಂತೆ ಮಾಯ್,” ಎಂದೆ. “ಯುರೋಪಿನವರಿಗೆ ಬಾಗಿಲು ಮುಚ್ಚಿದ ದಿನವೇ ನಮ್ಮವರಿಗೆ ತೆರೀತಾರಂತೆ. ಅಡುಗೆಯವರಿಗೆ ಮೊದಲು.”

ಚಪ್ಪಾಳೆ ಬಿತ್ತು. ಕೋಟಿನವನು ತನಗೇ ಎಂದುಕೊಂಡು ಕೈ ಬೀಸಿದ.

ಹೆಂಡತಿ ಸಭಾಂಗಣದ ಹಿಂದೆ ಚಹಾ ಬಗ್ಗಿಸುತ್ತಿದ್ದಳು, ನಾನು ಗಟ್ಟಿಯಾಗಿ ಹೇಳಿದ್ದಷ್ಟೇ ಕೇಳಿಸಿತ್ತು, ಅವನ ಇಂಗ್ಲಿಷ್ ಅವಳಿಗೆ ಕೇಳಿಸಿರಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಕೇಳಿದಳು: “ಅಡುಗೆಯವರಿಗೆ ಮೊದಲು ಅಂತ ಅವನೇ ಹೇಳಿದನಾ?”

“ಮತ್ತೆಂತ, ನಾನು ಹೇಳಿದ್ದಾ?”

ವಿಚಿತ್ರವೆಂದರೆ ಕೆಲವೇ ದಿನಗಳಲ್ಲಿ ನಾನೂ ಅದನ್ನು ನಂಬಿಬಿಟ್ಟಿದ್ದೆ. ಚಪ್ಪಾಳೆ ಬಿದ್ದ ಮಾತು ಸುಳ್ಳಾಗಿರಲಾರದು ಅನಿಸುತ್ತಿತ್ತು. ಆಗ ಭಾವಮೈದನ ಫೋನ್ ಬಂತು. ಕುವೈತಿನ ಹೋಟೆಲೊಂದರಲ್ಲಿ ಮುಖ್ಯ ಅಡುಗೆಯವನ ಕೆಲಸ ಸಿಕ್ಕಿದೆ, ವೀಸಾ ಕೈಯಲ್ಲಿದೆ, ಹೋಗಲಾ ಎಂದು ಕೇಳಿದ.

“ಆ ಬಿಸಿಲಲ್ಲಿ ಹೋಗಿ ಎಂತ ಮಾಡ್ತಿ ಮಾರಾಯ? ಇಲ್ಲಿನ ನಾಯಕರೇ ಮಾತು ಕೊಟ್ಟಿದ್ದಾರೆ. ಸ್ವಲ್ಪ ತಾಳು.”

“ನೀವು ಹೇಳಿದ ಮೇಲೆ ಆಯ್ತು ಭಾವಾ.”

ತಾಳಿದ. ಕುವೈತಿನವರು ಬೇರೊಬ್ಬನನ್ನು ಕರೆದುಕೊಂಡರು. ಕೋಟಿನವನು ಹೀನಾಯವಾಗಿ ಸೋತ, ಮತ್ತೆ ಇಗರ್ಜಿಯ ಕಡೆ ಸುಳಿಯಲಿಲ್ಲ. ಭಾವಮೈದ ಫೋನ್ ಮಾಡಿದಾಗಲೆಲ್ಲ ನಾನು ‘ಇನ್ನೇನು ಆಗ್ತದೆ’ ಎನ್ನುತ್ತಿದ್ದೆ. ಚುನಾವಣೆ ಬಂದಾಗಲೆಲ್ಲ ಹೆಂಡತಿ ಕೋಟಿನವನಿಗೆ ಹಿಡಿಶಾಪ ಹಾಕುತ್ತಿದ್ದಳು. ನಾನೂ ದನಿಗೂಡಿಸುತ್ತಿದ್ದೆ. ನಟನೆಯಲ್ಲ, ಅವನ ಮೇಲೆ ನನಗೆ ನಿಜವಾಗಿಯೂ ಸಿಟ್ಟಿತ್ತು.

ಕೊನೆಗೆ ಒಕ್ಕೂಟ ಬಿಟ್ಟದ್ದೂ ಆಯಿತು. ಊರಿನಿಂದ ಅಡುಗೆಯವನನ್ನು ಕರೆಸಬೇಕಾದರೆ ನನ್ನಂಥವನು ಎಂದೂ ಕೊಡಲಾಗದಷ್ಟು ಸಂಬಳ ತೋರಿಸಬೇಕಂತೆ. ಅಷ್ಟರಲ್ಲಿ ನನ್ನ ಹೋಟೆಲೇ ಮುಚ್ಚಿತ್ತು. ಒಂದು ಮಧ್ಯಾಹ್ನ ಭಾವಮೈದ ಫೋನ್ ಮಾಡಿದ. ಹೆಂಡತಿ ಬಂಗುಡೆ ಕೊಯ್ಯುತ್ತಿದ್ದುದರಿಂದ ಅವಳಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ.

“ಭಾವಾ, ಯುರೋಪಿನವರಿಗೆ ಬಾಗಿಲು ಮುಚ್ಚಿದರಂತಲ್ಲ! ಸೌಟು ಹಿಡ್ಕೊಂಡು ಹೊರಡಲಾ? ಕೂತು ಅಡುಗೆ ಮಾಡುವ ವೀಸಾ ಉಂಟಾ ಕೇಳಿ, ನನ್ನ ಮಂಡಿ ಹೋಗಿದೆ.”

ನಗುತ್ತಿದ್ದ. ನಾನೂ ನಕ್ಕು ನಾಲ್ಕು ನಾಯಕರನ್ನು ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆಗಲಿಲ್ಲ.

“ಅವನು ಹಾಗೆ ಹೇಳಿರಲೇ ಇಲ್ಲ ಮಾರಾಯ. ನೋಡುತ್ತೇವೆ ಅಂದಿದ್ದ, ಅಷ್ಟೇ. ಬಾಗಿಲಿನ ಮಾತು, ಅಡುಗೆಯವರ ಮಾತು ನಾನು ಸೇರಿಸಿದ್ದು.”

ನಗು ನಿಂತಿತು.

“ಹಾಗಾದರೆ ಕುವೈತ್?” ಎಂದ.

ನಾನು ಸ್ಪೀಕರ್ ಆರಿಸಲು ಕೈ ಚಾಚಿದೆ. ಅಷ್ಟರಲ್ಲಿ ಅವನೇ ಫೋನ್ ಇಟ್ಟ.

ಹೆಂಡತಿ ಕೈ ತೊಳೆದು ಬಂದಳು. “ಇಷ್ಟು ವರ್ಷ ಆ ಕೋಟಿನವನಿಗೆ ಶಾಪ ಹಾಕಿದ್ದೇನೆ ನಾನು,” ಎಂದಳು. “ನೀವು ಪಕ್ಕದಲ್ಲೇ ಕೂತು ಹೌದು ಹೌದು ಅಂದಿರಿ.”

ಈಗ ಟಿವಿಯಲ್ಲಿ ಯಾವ ನಾಯಕ ಬಂದು ಯಾವ ಒಪ್ಪಂದದ ಹೆಸರು ಹೇಳಿದರೂ ಅವಳು ಬೈಯುವುದಿಲ್ಲ. ನಾನು ಬೈಯಲು ಹೊರಟರೆ ತಿರುಗಿ ನನ್ನ ಮುಖ ನೋಡುತ್ತಾಳೆ.