ಜರ್ಮನ್ ಲೆಕ್ಕದ ಪುಸ್ತಕದ ಮಸಿ

ಇಪ್ಪತ್ತೆರಡು ವರ್ಷಗಳಿಂದ ನಾನು ದಿನವೂ ಜರ್ಮನ್ ಓದುತ್ತಿದ್ದೇನೆ. ಒಂದು ವಾಕ್ಯದ ಅರ್ಥವೂ ನನಗೆ ತಿಳಿಯದು. ಹೊರಗೆ ಹೇಳಿದರೆ ನಗುತ್ತಾರೆಂದು ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಮುಂಬಯಿಯ ಕುರ್ಲಾದ ಒಂದು ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ನಮ್ಮ ಆಫೀಸು. ಕೆಳಗೆ ತಗಡಿನ ಡಬ್ಬ ಬಡಿಯುವವರು, ಮೇಲೆ ಜರ್ಮನಿಯ ಮಕ್ಕಳ ಪಾಠಪುಸ್ತಕಕ್ಕೆ ಪುಟ ಜೋಡಿಸುವ ನಾವು. ಬರಹ, ಚಿತ್ರ ಅಲ್ಲಿನ ಒಂದು ಪ್ರಕಾಶನದಿಂದ ಬರುತ್ತವೆ; ಪುಟವಾಗಿ ಹಿಂದಿರುಗುತ್ತವೆ; ಅಚ್ಚಾಗುವುದು ಅಲ್ಲೇ. ನಾನು ಪ್ರೂಫ್ ನೋಡುವವನು. ಮೂಲದ ಅಕ್ಷರ ಪುಟದಲ್ಲೂ ಇದೆಯೇ ಎಂದು ಒಂದೊಂದಾಗಿ ನೋಡಿ, ಇದ್ದರೆ ಸಹಿ ಹಾಕುವುದು ನನ್ನ ಕೆಲಸ. ಅರ್ಥ ಗೊತ್ತಿದ್ದವನ ಕಣ್ಣು ಮುಂದಕ್ಕೆ ಓಡುತ್ತದೆ, ಗೊತ್ತಿಲ್ಲದವನೇ ವಾಸಿ ಎಂದು ಮಾಲೀಕರು ನನ್ನನ್ನು ಸೇರಿಸಿಕೊಂಡಿದ್ದರು. ನನ್ನ ಅಜ್ಞಾನವನ್ನು ಅರ್ಹತೆಯೆಂದು ಪರಿಗಣಿಸಿದವರು ಅವರೊಬ್ಬರೇ.

ಅರ್ಥವಾಗದಿದ್ದರೂ ಆ ಭಾಷೆಯ ಮೇಲೆ ನನಗೆ ಪ್ರೀತಿ. ಅದರಲ್ಲಿ ವಸ್ತುಗಳ ಹೆಸರೆಲ್ಲ ದೊಡ್ಡಕ್ಷರದಿಂದಲೇ ಶುರುವಾಗುತ್ತದೆ. ದೇವರಿಗೂ ದೊಡ್ಡಕ್ಷರ, ಕೋಳಿಗೂ ದೊಡ್ಡಕ್ಷರ, ಮುರಿದ ಕುರ್ಚಿಗೂ ಅದೇ ಮರ್ಯಾದೆ. ಪದಗಳೋ, ಲೋಕಲ್ ರೈಲಿನ ಡಬ್ಬಿಗಳ ಹಾಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸಾಲು ಮುಗಿದರೂ ಮುಗಿಯುವುದಿಲ್ಲ.

ಹೋದ ವರ್ಷ ಆ ಪ್ರಕಾಶನದವರು ತಮ್ಮ ಸಂಸ್ಥೆಯ ಚರಿತ್ರೆಯನ್ನೇ ಒಂದು ಪುಸ್ತಕ ಮಾಡಲು ಹೊರಟರು. ಎಲ್ಲ ದೇಶಗಳ ಚರಿತ್ರೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವವರಿಗೆ ತಮ್ಮದೂ ಒಂದು ಇರುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಹಳೆಯ ಪುಟಗಳ ಚಿತ್ರಗಳು ಬಂದವು: ಗೋಡೆಗೆ ತೂಗುಹಾಕುವ ಹಕ್ಕಿಗಳ ಪಟ, ಮೊದಲ ಅಕ್ಷರಮಾಲೆ, ಒಂದು ಲೆಕ್ಕದ ಪುಸ್ತಕ. ಹಳೆಯ ಪುಟ ಬಂದರೆ ಮೊದಲು 'ಕ್ಲೀನಿಂಗ್' ಮಾಡುವುದು ನಮ್ಮಲ್ಲಿನ ಪದ್ಧತಿ. ಕಂದು ಕಲೆ, ಬೆರಳಚ್ಚು, ಹುಳು ತಿಂದ ತೂತು, ಎಲ್ಲ ಮಾಯವಾಗಬೇಕು.

ಈ ಕೆಲಸ ಮಾಲತಿಬಾಯಿಯದು. ವಿಜಯಪುರದವರು, ಮಕ್ಕಳು ಕಾಲೇಜು ಸೇರಿದ ಮೇಲೆ ಹದಿನಾಲ್ಕು ವರ್ಷ ಬಿಟ್ಟಿದ್ದ ಕೆಲಸಕ್ಕೆ ಮರಳಿದ್ದರು. ಮೂರು ತಿಂಗಳ ಪರೀಕ್ಷೆ, ಆಮೇಲೆ ಕಾಯಂ. ಆ ಅವಧಿಯಲ್ಲಿ ಜರ್ಮನಿಯಿಂದ ಒಂದು ದೊಡ್ಡ ದೂರು ಬಂದರೆ ಮನೆಗೆ. ಅವರ ಕೈಯಲ್ಲಿ ಪುಟಗಳು ತೊಳೆದ ಬಟ್ಟಲಿನ ಹಾಗೆ ಹೊಳೆಯುತ್ತಿದ್ದವು. ಲೆಕ್ಕದ ಪುಸ್ತಕದ ಒಂದು ಪುಟದಲ್ಲಿ ಯಾರೋ ಎರಡು ಸಾಲುಗಳ ಮೇಲೆ ದಪ್ಪವಾಗಿ ಮಸಿ ಬಳಿದಿದ್ದರು. ಅದನ್ನೂ ಅಳಿಸಿ, ಖಾಲಿ ಜಾಗ ಕಾಣದಂತೆ ಸಾಲುಗಳನ್ನು ಹತ್ತಿರ ತಂದಿದ್ದರು. ಮೂರನೇ ಲೆಕ್ಕದ ನಂತರ ಐದನೆಯದಿತ್ತು. ನಾನು ಅದನ್ನು ಕಂಡೆ. ಮೂಲದಲ್ಲೂ ನಾಲ್ಕು ಎಂಬ ಅಂಕಿ ಓದಲು ಬರುತ್ತಿರಲಿಲ್ಲ, ಆದ್ದರಿಂದ ಸಹಿ ಹಾಕಿದೆ. ಜರ್ಮನಿಯವರೂ ನೋಡಿ ಒಪ್ಪಿದರು. ಸೋಮವಾರ ಅಚ್ಚು ಶುರುವಾಗುವುದೆಂದು ನಿಗದಿಯಾಯಿತು.

ಅದರ ಹಿಂದಿನ ಬುಧವಾರ ಅದೇ ಪುಸ್ತಕದ ಇಂಗ್ಲಿಷ್ ಅನುವಾದ ಬಂತು. ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ನೋಡುತ್ತಿರುವುದು ನನಗೆ ಅರ್ಥವಾಗುತ್ತಿತ್ತು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಆ ಸಂಸ್ಥೆ ಸರ್ಕಾರ ಹೇಳಿದ ಹಾಗೆ ಪುಸ್ತಕ ಮಾಡಿಕೊಟ್ಟಿತ್ತು. ನಾಲ್ಕನೇ ಲೆಕ್ಕ ಹೀಗಿತ್ತಂತೆ: ಒಂದು ವಿಮಾನ ಇಷ್ಟು ಬಾಂಬು ಹೊತ್ತರೆ, ಇಡೀ ಪಡೆ ಎಷ್ಟು ಹೊರುತ್ತದೆ? ಯುದ್ಧ ಮುಗಿದು ಶಾಲೆ ತೆರೆದಾಗ ಹೊಸ ಪುಸ್ತಕಕ್ಕೆ ಕಾಗದವಿರಲಿಲ್ಲ. ಮೇಷ್ಟ್ರುಗಳು ಕೂತು, ಒಂದೊಂದು ಪ್ರತಿಯಲ್ಲೂ ಆ ಸಾಲುಗಳಿಗೆ ಕೈಯಾರೆ ಮಸಿ ಬಳಿದು ಮಕ್ಕಳ ಕೈಗೆ ಕೊಟ್ಟರು. ಚಿತ್ರದ ಕೆಳಗೆ ಬರೆದಿತ್ತು: ನಮ್ಮ ಚರಿತ್ರೆಯಲ್ಲಿ ಇದು ಮುಖ್ಯ ಪುಟ, ಈ ಮಸಿಯನ್ನು ನಾವು ಇದ್ದ ಹಾಗೇ ಬಿಟ್ಟಿದ್ದೇವೆ.

ಮೇಲಿದ್ದ ಚಿತ್ರ ಬೆಳ್ಳಗೆ ಹೊಳೆಯುತ್ತಿತ್ತು.

ತಪ್ಪು ಹುಡುಕುವುದೇ ನನ್ನ ಕೆಲಸವಲ್ಲವೇ. ಅಂದು ಆ ನಾಲ್ಕನೇ ಲೆಕ್ಕ ನನ್ನ ಮೇಜಿಗೆ ಬಂದಿದ್ದರೆ ಅಕ್ಷರ ಸರಿಯಿದೆಯೆಂದು ಅದಕ್ಕೂ ಸಹಿ ಹಾಕುತ್ತಿದ್ದೆ. ಈ ಯೋಚನೆ ಎರಡು ದಿನ ಲೋಕಲ್‌ನಲ್ಲೂ ನನ್ನ ಪಕ್ಕದಲ್ಲೇ ನಿಂತಿತ್ತು. ಜೊತೆಗೆ ಇನ್ನೊಂದು: ಹೇಳದಿದ್ದರೆ ಪುಟ ಹಾಗೇ ಅಚ್ಚಾಗುತ್ತದೆ, ಹೇಳಿದರೆ ಮಾಲತಿಬಾಯಿ ಕೆಲಸ ಕಳೆದುಕೊಳ್ಳುತ್ತಾರೆ. ಅವರ ಮೂರು ತಿಂಗಳು ಮುಗಿಯುವುದು ಶನಿವಾರ.

ಶುಕ್ರವಾರ ಅವರ ಮೇಜಿಗೆ ಹೋಗಿ ಎಲ್ಲ ವಿವರಿಸಿದೆ.

"ಹೊಲಸು ಅಂತ ತಿಳಕೊಂಡ್ನಿರೀ ಸರ," ಎಂದರು. ಪರದೆಯ ಮೇಲೆ ಆ ಪುಟ ತೆರೆದು ಕೇಳಿದರು, "ಆ ಲೆಕ್ಕ ಬರೋಬ್ಬರಿ ಇತ್ತೇನ್ರಿ?"

"ಬರೋಬ್ಬರಿ ಇತ್ತು," ಎಂದೆ.

ಜರ್ಮನಿಗೆ ಮೇಲ್ ಬರೆಯಲು ಕೂತೆ. ಪುಟಕ್ಕೆ ಸಹಿ ಹಾಕಿದವನು ನಾನು, ತಪ್ಪು ನನ್ನದು ಎಂದು ಬರೆದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮಾಲತಿಬಾಯಿ ನನ್ನ ಬೆನ್ನ ಹಿಂದೆ ನಿಂತು ಓದಿದರು.

"ಒರಸಿದಾಕಿ ನಾ. ನನ್ನ ತಪ್ಪು ನನಗ ಕೊಡ್ರಿ."

ನಾಳೆ ಶನಿವಾರ ಎಂದು ನೆನಪಿಸಿದೆ.

"ಗೊತ್ತೈತ್ರಿ. ಮಸಿ ಒರಸಿದ್ದಕ್ಕ ಇಷ್ಟು ಆಗೇತಿ. ಈಗ ನೀವು ನನ್ನ ಹೆಸರೂ ಒರಸಬ್ಯಾಡ್ರಿ."

ಹೋಟೆಲಿನಲ್ಲಿ ಬಿಲ್ಲು ತಾನೇ ಕೊಡುತ್ತೇನೆಂದು ಜಗಳವಾಡುವ ಬೀಗರ ಹಾಗೆ ನಾವಿಬ್ಬರೂ ಒಂದು ತಪ್ಪಿಗಾಗಿ ಕಾಲು ಗಂಟೆ ಕಿತ್ತಾಡಿದೆವು. ಕೊನೆಗೆ ಎರಡೂ ಹೆಸರು ಹಾಕಿ, ನಿಯಮದಂತೆ ಮಾಲೀಕರಿಗೂ ಒಂದು ಪ್ರತಿ ಕಳಿಸಿದೆ.

ಶನಿವಾರ ಮಧ್ಯಾಹ್ನ ಉತ್ತರ ಬಂತು. ಬರೆದವರು ಅಲ್ಲಿನ ಸಂಪಾದಕಿ. ಆ ಪುಟವನ್ನು ಅವರೂ ಅವರ ಸಹಾಯಕನೂ ನೋಡಿದ್ದರಂತೆ. ಎಷ್ಟು ಚೊಕ್ಕಟವಾಗಿದೆ ಎಂದು ತಾವು ಮೆಚ್ಚಿಕೊಂಡಿದ್ದಾಗಿ ಒಪ್ಪಿಕೊಂಡು, ನಮ್ಮ ಹೆಸರುಗಳ ಕೆಳಗೆ ತಮ್ಮಿಬ್ಬರ ಹೆಸರನ್ನೂ ಸೇರಿಸಿದ್ದರು. ಮಾಲೀಕರು ನಾಲ್ಕು ಹೆಸರುಗಳನ್ನೂ ಬೆರಳಿಟ್ಟು ಎಣಿಸಿದರು. ಒಬ್ಬರನ್ನು ತೆಗೆದರೆ ನ್ಯಾಯವಾಗಿ ನಾಲ್ವರನ್ನೂ ತೆಗೆಯಬೇಕು, ಅದರಲ್ಲಿ ಇಬ್ಬರು ತನ್ನ ನೌಕರರೇ ಅಲ್ಲವಲ್ಲ ಎಂದು ಮರಾಠಿಯಲ್ಲಿ ಗೊಣಗಿ, ಕಾಯಂ ಪತ್ರಕ್ಕೆ ಸಹಿ ಮಾಡಿದರು. ಸಂಜೆಯೊಳಗೆ ಮಾಲತಿಬಾಯಿ ಮಸಿಯನ್ನು ಅದರ ಜಾಗಕ್ಕೆ ತಂದು ಕೂರಿಸಿದರು. ಯಾರೋ ಮೇಷ್ಟ್ರ ಹೆಬ್ಬೆರಳು ತಾಗಿ ಅಂಚಿನಲ್ಲಿ ಹರಡಿದ್ದ ಕಲೆಯನ್ನೂ ಇದ್ದಲ್ಲೇ ಉಳಿಸಿದರು.

ಅಂದಿನಿಂದ ನಮ್ಮ ಆಫೀಸಿನಲ್ಲಿ ಕೆಲಸ ನಿಧಾನವಾಗಿದೆ. ಯಾವ ಕಲೆ ಕಂಡರೂ ಮಾಲತಿಬಾಯಿ ಎದ್ದು ಬಂದು, ಇದು ಯಾರದು ಎಂದು ವಿಚಾರಿಸುತ್ತಾರೆ. ಮೊನ್ನೆ ಹಳೆಯ ಚರಿತ್ರೆ ಪುಸ್ತಕದ ಒಬ್ಬ ಮಹಾರಾಣಿಗೆ ಯಾವುದೋ ಮಗು ಪೆನ್ಸಿಲಿನಲ್ಲಿ ಹುರಿಮೀಸೆ ಬರೆದಿತ್ತು. ಅರ್ಧ ಗಂಟೆ ಗಂಭೀರವಾಗಿ ಚರ್ಚಿಸಿ, ತೀರ್ಮಾನವಾಗದೆ ಜರ್ಮನಿಗೆ ಬರೆದೆವು. ಅಲ್ಲೂ ಒಂದು ಸಭೆ ಸೇರಿತಂತೆ. ಮೀಸೆ ಇರಲಿ ಎಂದು ನಿನ್ನೆ ಉತ್ತರ ಬಂದಿದೆ.